ಮುಂದಕ್ಕೆ ಹಾಕಿದ ಕೆಲಸದ ಭಾರವು ಯಾರ ಮೇಲೆ?

ಕೆಲಸವು ಬಹಳವಾಗಿ ಕೈಗಳು ಕೆಲವೇ ಆಗಿರುವಾಗ, ಒಂದನ್ನು ಮಾಡಿ ಮತ್ತೊಂದನ್ನು ಮುಂದಕ್ಕೆ ಹಾಕುವದು ದೋಷವೋ ಎಂದು ಕೇಳುವವರುಂಟು. ದೋಷವಲ್ಲವೆಂದೇ ನಾವು ಹೇಳುವೆವು. ಬಿತ್ತನೆಯ ಹದ ಬಂದಿರುವಾಗ ಬೇಲಿ ಕಟ್ಟುತ್ತಾ ಕೂತ ರೈತನನ್ನು ಶ್ರದ್ಧಾವಂತನೆಂದು ಯಾರೂ ಹೊಗಳುವದಿಲ್ಲ. ಆದರೆ ಬೇಲಿಗೆ ನೋವಿಲ್ಲ. ಮುಂದಕ್ಕೆ ಹಾಕಲ್ಪಟ್ಟದ್ದು ಒಬ್ಬ ಮನುಷ್ಯನ ಅಗತ್ಯವಾದರೆ ಪ್ರಶ್ನೆಯೇ ಬೇರೆಯಾಗುವದು.

ಇದಕ್ಕೆ ಇಂಗ್ಲೆಂಡ್ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನಡೆದದ್ದನ್ನು ವಾಚಕರ ಮುಂದಿಡುತ್ತೇವೆ. 2020ನೆಯ ಇಸವಿಯಲ್ಲಿ ಕೋವಿಡ್ ವ್ಯಾಧಿಯು ಹಬ್ಬಿದಾಗ, ಮಾರ್ಚ್ 17ರಂದು ಆ ಆಸ್ಪತ್ರೆಗಳಿಗೆ ಒಂದು ಸೂಚನೆಯು ಹೋಯಿತು. ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಏಪ್ರಿಲ್ 15ರೊಳಗಾಗಿ ನಿಲ್ಲಿಸಿ ಕನಿಷ್ಠ 3 ತಿಂಗಳು ಮುಂದೂಡಬೇಕೆಂದೂ, ಹೀಗೆ ಮೊದಲಾದ ಉಪಾಯಗಳಿಂದ 30,000 ಹಾಸಿಗೆಗಳನ್ನು ತೆರವು ಮಾಡಬೇಕೆಂದೂ ಅದರಲ್ಲಿತ್ತು. ಇದನ್ನು ನಾವು ತಪ್ಪೆನ್ನಲಾರೆವು. ಉಸಿರಾಡಲಾರದವನು ಬಾಗಿಲಲ್ಲಿರುವಾಗ ಮತ್ತೇನು ಮಾಡಬಹುದಿತ್ತು?

ಅದೇ ವರ್ಷ ಅಲ್ಲಿಯ ಶಸ್ತ್ರವೈದ್ಯರು ರೋಗಿಗಳನ್ನು ದರ್ಜೆಗಳಾಗಿ ವಿಂಗಡಿಸಿದರು. ಮೊದಲನೆಯ ದರ್ಜೆಯವರಿಗೆ 72 ತಾಸಿನೊಳಗೆ, ಎರಡನೆಯವರಿಗೆ 4 ವಾರದೊಳಗೆ, ಮೂರನೆಯವರಿಗೆ 3 ತಿಂಗಳೊಳಗೆ ಚಿಕಿತ್ಸೆಯಾಗತಕ್ಕದ್ದು. ನಾಲ್ಕನೆಯವರು 3 ತಿಂಗಳಿಗಿಂತಲೂ ಹೆಚ್ಚು ಕಾಲ ತಾಳಬಲ್ಲವರು. ಇಲ್ಲಿ ವಾಚಕರು ಸ್ವಲ್ಪ ನಿಂತು ನೋಡಬೇಕು. ಮೊದಲಿನ ಮೂರಕ್ಕೂ ಒಂದು ಮೇರೆಯುಂಟು. ನಾಲ್ಕನೆಯದಕ್ಕೆ ಮೇರೆಯೇ ಇಲ್ಲ. ಹೆಚ್ಚೆಂದರೆ ಎಷ್ಟು?

ಲೆಕ್ಕಗಳೇ ಉತ್ತರ ಕೊಡುತ್ತವೆ. ಚಿಕಿತ್ಸೆಗಾಗಿ ಒಂದು ವರ್ಷಕ್ಕೂ ಮಿಕ್ಕಿ ಕಾದಿದ್ದ ಪ್ರಕರಣಗಳು 2020ರ ಫೆಬ್ರವರಿಯಲ್ಲಿ ಸುಮಾರು 1,600. 2021ರ ಮಾರ್ಚ್‌ನಲ್ಲಿ 4,36,000ಕ್ಕೂ ಹೆಚ್ಚು. ಸರದಿಯ ಪಟ್ಟಿಯೆಲ್ಲಾ ಸೇರಿ 2023ರ ಸೆಪ್ಟೆಂಬರ್‌ನಲ್ಲಿ 77 ಲಕ್ಷವನ್ನು ದಾಟಿತ್ತು.

ಕೆಲಸಗಾರನು “ಆ ಮೇಲೆ” ಎಂದಾಗ ಹೊರೆಯು ಇಲ್ಲದೆ ಹೋಗುವದಿಲ್ಲ. ಅವನ ಹೆಗಲಿನಿಂದ ಕಾಯುವವನ ಹೆಗಲಿಗೆ ದಾಟುತ್ತದೆ, ಅಷ್ಟೇ. ಸೊಂಟದ ಕೀಲು ಸವೆದ ಮುದುಕನು ಏಪ್ರಿಲಿನಲ್ಲಿ ಕೋಲೂರಿ ನಡೆಯುತ್ತಿದ್ದಿರಬಹುದು, ಮರುವರ್ಷ ಮಂಚದಿಂದ ಏಳಲಾರದೆ ಇರಬಹುದು. ಪಟ್ಟಿಯಲ್ಲಿಯಾದರೋ ಅವನು ಇನ್ನೂ ನಾಲ್ಕನೆಯವನೇ, ಯಾರಾದರೂ ತಿರಿಗಿ ಅವನನ್ನು ನೋಡುವ ತನಕ. ಆದಕಾರಣ ಮುಂದೂಡುವ ಹಕ್ಕಿನೊಂದಿಗೆ ತಿರಿಗಿ ನೋಡುವ ಸಾಲವೂ ಬರುತ್ತದೆಂದು ನಾವು ಎಣಿಸುತ್ತೇವೆ. ಕಾಯುವವನಿಗೆ ಅದನ್ನು ಬಾಯಿಬಿಟ್ಟು ಹೇಳುವದೂ ಈ ಸಾಲಕ್ಕೆ ಸೇರಿದ್ದು. ದಿನವನ್ನು ಗೊತ್ತುಮಾಡಲಾಗದಿದ್ದರೆ, ಯಾವಾಗ ಮತ್ತೆ ವಿಚಾರಿಸುವೆವೆಂಬದನ್ನಾದರೂ ತಿಳಿಸಬಹುದು.

ಹಾಗೆ ಹೇಳುವದಕ್ಕೂ ಪುರಸೊತ್ತಿಲ್ಲವಲ್ಲಾ ಎಂದು ದಣಿದವರು ಹೇಳುವರು. ಅದು ಸುಳ್ಳಲ್ಲ. ನಿಂತುಹೋದ ಕೆಲಸವೆಲ್ಲಾ ತಿರಿಗಿ ಬಂದದ್ದು ಆ ದಣಿದ ದಾದಿಯರ ಕೈಗೇ ಎಂಬದನ್ನೂ ಮರೆಯಬಾರದು. ಅವರನ್ನು ಗದರಿಸುವದಕ್ಕಿಂತ ಮತ್ತೆರಡು ಕೈಗಳನ್ನು ಕೊಡುವದು ಮೇಲಧಿಕಾರಿಗಳ ಕರ್ತವ್ಯ. ಆದರೂ ಕಾಯುವವನಿಗೆ ಅರ್ಧ ನಿಮಿಷದ ಮಾತು ಸಣ್ಣದಲ್ಲ.

ಇದನ್ನು ಬರೆಯುತ್ತಿರುವಾಗ ನಮ್ಮ ಮೇಜಿನ ಮೂಲೆಯಲ್ಲಿ ಉತ್ತರ ಕಾಣದ ಕಾಗದಗಳ ಕಟ್ಟೊಂದು ಬಿದ್ದಿದೆ. ಎಲ್ಲಕ್ಕೂ ಈಗ ಉತ್ತರ ಬರೆಯಲಾರೆವು. ಬರೆದವರಿಗೆ ಈ ವಾರವೇ ಒಂದೊಂದು ಕಾರ್ಡು ಹಾಕುವೆವು.