ಪ್ರಸಾದದ ಅಳತೆ

ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತ ಭಕ್ತ ದಾಸೋಹದ ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬೇಡವೆಂದರೆ ಅದು ಪ್ರಸಾದದ ತಿರಸ್ಕಾರವೇ? ಬಸವಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ಲಿಂಗಾಯತರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬಂದವರಿಗೂ, 1865ರಲ್ಲಿ ಮಾಣಿಕಪ್ರಭುಗಳು ಸಮಾಧಿಯಾದ ಮಾಣಿಕನಗರಕ್ಕೆ ನಡೆದುಕೊಳ್ಳುವವರಿಗೂ ಪ್ರಸಾದದ ಮೇಲಿನ ಭಕ್ತಿ ಕಡಿಮೆಯಲ್ಲ. ಪ್ರಸಾದಕ್ಕೆ ದೋಷವಿಲ್ಲ, ಅದು ಮೈಗೆ ಮಾರಕವಾಗದು ಎಂದು ನಂಬುವವರು ಅನೇಕರು.

ಮೈಯೊಳಗಿನ ಲೆಕ್ಕ ಬೇರೆ. ಒಂದೊಂದು ಮೂತ್ರಪಿಂಡದಲ್ಲೂ ರಕ್ತ ಸೋಸುವ ಸೂಕ್ಷ್ಮನಾಳಗಳ ಗೊಂಚಲುಗಳು ಸುಮಾರು 10 ಲಕ್ಷ. ಸಕ್ಕರೆ ಏರಿಯೇ ಇದ್ದರೆ ಗೊಂಚಲಿಗೆ ರಕ್ತ ತರುವ ನಾಳ ಹಿಗ್ಗುತ್ತದೆ. ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಹೊರಗೊಯ್ಯುವ ನಾಳವನ್ನು ಬಿಗಿಯುತ್ತದೆ. ನಡುವೆ ಒತ್ತಡ ಹೆಚ್ಚಿ, ನಾಳದ ಒಳಪದರ ಕೆಟ್ಟು, ಆಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ಆಲ್ಡೋಸ್ಟೀರೋನ್ ಹೆಚ್ಚಾದರೆ ಮೈಯಲ್ಲಿ ಉಪ್ಪು ನಿಲ್ಲುತ್ತದೆ, ನಾಳಗಳು ಪೆಡಸಾಗುತ್ತವೆ. ರೋಗ ಬಲಿತಂತೆ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ, ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂಡಬಹುದು. ಇಷ್ಟಾದರೂ ಬಹುಕಾಲ ನೋವೇ ಇರುವುದಿಲ್ಲ.

ಸಿಹಿಯೊಂದೇ ಶತ್ರುವಲ್ಲ. ಇನ್ಸುಲಿನ್ನನ್ನು ಕರಗಿಸುವ ಕೆಲಸದಲ್ಲಿ ಮೂತ್ರಪಿಂಡಕ್ಕೂ ಪಾಲಿದೆ. ಅದು ಸೋತಾಗ ಚುಚ್ಚಿಕೊಂಡ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಆಗ ಶಿವರಾತ್ರಿಯ ಉಪವಾಸ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸಿ ಎಚ್ಚರ ತಪ್ಪಿಸಬಲ್ಲದು. ಬಾಳೆಹಣ್ಣು, ತೆಂಗಿನ ನೀರಿನ ಪೊಟ್ಯಾಸಿಯಂ ಮೂತ್ರಪಿಂಡ ತೀರಾ ಸೋತವರ ಹೃದಯದ ಲಯ ಕೆಡಿಸಬಹುದು. ತಿಂದರೂ ಕಷ್ಟ, ಬಿಟ್ಟರೂ ಕಷ್ಟ ಎಂಬ ಸ್ಥಿತಿ ಇದು.

ಶರಣರ ವಿಚಾರಕ್ಕೆ ಈ ಇಕ್ಕಟ್ಟು ಹೊರಗಿನದಲ್ಲ. ಪ್ರಸಾದವೆಂದರೆ ಪದಾರ್ಥದ ತೂಕವಲ್ಲ, ಲಿಂಗಕ್ಕೆ ಅರ್ಪಿಸಿ ಪಡೆಯುವ ಭಾವ. ಇಷ್ಟಲಿಂಗವನ್ನು ಮೈಮೇಲೆ ಧರಿಸುವ ಧರ್ಮಕ್ಕೆ ಆ ಮೈಯನ್ನು ಕಡೆಗಣಿಸುವುದು ಒಪ್ಪುವ ಮಾತಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬರುವಂತೆ ಅವನ ಹೆಂಡತಿ ಲಕ್ಕಮ್ಮ ಹೇಳಿದ ಪ್ರಸಂಗ ಪ್ರಸಿದ್ಧ. ಅಕ್ಕಿ ಪವಿತ್ರವಲ್ಲವೆಂದು ಆಕೆ ಹೇಳಲಿಲ್ಲ. ಬೇಕಾದುದಕ್ಕಿಂತ ಹೆಚ್ಚಾಯಿತು ಎಂದಳು. ಸಂಗ್ರಹದ ವಿರುದ್ಧ ಆಡಿದ ಆ ಮಾತನ್ನು ಊಟದ ತಟ್ಟೆಗೂ ಅನ್ವಯಿಸಬಹುದು. ಪ್ರಸಾದಕ್ಕೆ ದೋಷವಿಲ್ಲ ಎಂಬುದು ಭಕ್ತಿಯ ಮಾತು. ಹುಗ್ಗಿಯ ಬೆಲ್ಲ ರಕ್ತದಲ್ಲಿ ಏನಾಗುತ್ತದೆ ಎಂಬುದಕ್ಕೆ ಅದು ಉತ್ತರವಲ್ಲ.

ಹೀಗಾಗಿ ರೋಗಿ ಬೆರಳ ತುದಿಯಷ್ಟು ಪಡೆದು ಕೈಮುಗಿದರೂ ಪ್ರಸಾದ ಪೂರ್ಣವೇ. ತಟ್ಟೆಯಲ್ಲಿ ಬಿಡುವುದು ತಪ್ಪೆನ್ನುವವರು ಬಡಿಸುವ ಮೊದಲೇ ಸಾಕೆನ್ನಬಹುದು. ಉಪವಾಸವಿರಬೇಕೆನ್ನುವವರು ವೈದ್ಯರನ್ನು ಕೇಳಿಯೇ ಇರಬೇಕು. ಬಡಿಸುವವರೂ ಸಾಕೆಂದವರ ತಟ್ಟೆಗೆ ಇನ್ನೊಂದು ಸೌಟು ಸುರಿಯದಿರಲಿ.