ಬೀಜವೂ ದಾಸೋಹವೂ

ನಾಳೆಗೆಂದು ಕೂಡಿಡುವುದು ಭಕ್ತನಿಗೆ ಸಲ್ಲದೆಂಬುದು ಶರಣರ ನಿಲುವು. ಇಂದಿನ ಕಾಯಕದಿಂದ ಬಂದುದನ್ನು ಇಂದೇ ಗುರುಲಿಂಗಜಂಗಮಕ್ಕೆ ಸವೆಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದೇ ಅವರ ದಾಸೋಹದ ಮರ್ಮವಾಗಿತ್ತು. ಆದರೆ ಈ ಮಾತನ್ನು ಕೇಳಿದ ಬೇಸಾಯಗಾರ ಭಕ್ತನ ಮನಸ್ಸಿನಲ್ಲಿ ಒಂದು ಸಂದೇಹವು ಏಳದಿರದು. ನುಲಿಯ ಚಂದಯ್ಯನು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದುದನ್ನು ದಾಸೋಹಕ್ಕೆ ಸಲ್ಲಿಸುತ್ತಿದ್ದನು. ಬೇಸಾಯದ ಕಾಯಕವು ಹಾಗೆ ದಿನದಿನಕ್ಕೆ ಮುಗಿಯತಕ್ಕದ್ದಲ್ಲ. ರಾಶಿಯಾದ ದಿನವೇ ಕಾಳೆಲ್ಲವನ್ನೂ ಸವೆಸಿಬಿಟ್ಟರೆ ಬರುವ ಮಳೆಗೆ ಒಕ್ಕಲಿಗನು ಬಿತ್ತುವುದೇನನ್ನು? ಬೀಜವನ್ನು ತೆಗೆದಿರಿಸದೆ ಬೇಸಾಯವಿಲ್ಲ. ತೆಗೆದಿರಿಸಿದರೆ ಅದು ಸಂಗ್ರಹವಾಗದೆ? ಶರಣರ ಬಳಗದಲ್ಲಿ ಬೇಸಾಯವನ್ನೇ ಕಾಯಕವಾಗಿ ಉಳ್ಳ ಒಕ್ಕಲಿಗ ಮುದ್ದಣ್ಣನೂ ಇದ್ದನೆಂಬುದನ್ನು ನೆನೆದರೆ, ಈ ಪ್ರಶ್ನೆಯನ್ನು ಕೇವಲ ತರ್ಕದ ಕುತೂಹಲವೆಂದು ತಳ್ಳಿಬಿಡಲಾಗದು.

ಸಂಗ್ರಹವೆಂದರೇನೆಂಬುದನ್ನು ಆಯ್ದಕ್ಕಿ ಲಕ್ಕಮ್ಮನ ಕಥೆಯು ಬಹು ಸ್ಪಷ್ಟವಾಗಿ ತಿಳಿಸುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿಯಾದ ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ; ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿಯು ಕದ್ದುದಲ್ಲ, ಬೇಡಿದುದೂ ಅಲ್ಲ. ಆದರೂ ಅವಳು ಅದನ್ನು ಒಲ್ಲದುದೇಕೆ? ತಮ್ಮ ಅಗತ್ಯವನ್ನು ಮೀರಿದ ಆ ಅಕ್ಕಿಯು ಬೇರೊಬ್ಬರಿಗೆ ಸಲ್ಲಬೇಕಾದುದು. ಅದು ಮನೆಯ ಮಡಕೆಯಲ್ಲಿ ನಿಂತರೆ ಇನ್ನೊಂದು ಮಡಕೆ ಬರಿದಾಗುತ್ತದೆ. ಇತರರ ಕೈಗೆ ಹೋಗಬೇಕಾದುದನ್ನು ತನ್ನಲ್ಲಿ ತಡೆದು ನಿಲ್ಲಿಸುವುದೇ ಸಂಗ್ರಹವೆಂಬುದು ಇದರಿಂದ ವೇದ್ಯವಾಗುತ್ತದೆ. ದೋಷವಿರುವುದು ಇಟ್ಟುಕೊಳ್ಳುವುದರಲ್ಲಲ್ಲ, ತಡೆಯುವುದರಲ್ಲಿ.

ಈ ಒರೆಗಲ್ಲಿಗೆ ಬೀಜವನ್ನು ತಿಕ್ಕಿ ನೋಡಬೇಕು. ನಿಂತ ಬೆಳೆಯಲ್ಲಿ ತಿರುಗಾಡಿ ತುಂಬಿದ ತೆನೆಗಳನ್ನು ಆರಿಸಿ, ಬೇರೆಯಾಗಿ ಒಣಗಿಸಿ, ಬೂದಿಯನ್ನೋ ಬೇವಿನ ಸೊಪ್ಪನ್ನೋ ಬೆರೆಸಿ ಮಡಕೆಯಲ್ಲಿ ಮುಚ್ಚಿಡುತ್ತಿದ್ದ ತಾಯಂದಿರು ಆ ಕಾಳನ್ನು ತಮಗಾಗಿ ಇಡುತ್ತಿರಲಿಲ್ಲ. ಹಸಿವಾದಾಗಲೂ ಅದನ್ನು ಮುಟ್ಟುತ್ತಿರಲಿಲ್ಲ. ಅದು ಭೂಮಿಗೆ ಮೀಸಲು. ನೆರೆಮನೆಯ ಬೀಜ ಕೆಟ್ಟುಹೋದರೆ ಅದರಲ್ಲಿಯೇ ಒಂದು ಪಾಲು ಅತ್ತ ಹೋಗುತ್ತಿತ್ತು; ರಾಶಿಯಾದ ಮೇಲೆ ಒಂದಿಷ್ಟು ಹೆಚ್ಚಾಗಿಯೇ ಹಿಂದಿರುಗುತ್ತಿತ್ತು. ಹೊನ್ನನ್ನು ನೂರು ವರ್ಷ ಹೂಳಿಟ್ಟರೂ ಅದು ಹೊನ್ನೇ, ಬೀಜವಾದರೋ ಹಾಗಲ್ಲ. ಈರುಳ್ಳಿಯ ಬೀಜವು ಒಂದೆರಡು ವರ್ಷಗಳಲ್ಲಿಯೇ ಮೊಳಕೆಯ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಬಿತ್ತದೆ ಇಟ್ಟ ಬೀಜವು ಸಾಯುತ್ತದೆ, ಬಿತ್ತಿದ ಬೀಜವು ನೂರಾಗುತ್ತದೆ. ಕೊಡುವುದರಿಂದಲೇ ಉಳಿಯುವ ವಸ್ತುವನ್ನು ಕಾಯುವುದು ಸಂಗ್ರಹವಲ್ಲ. ಅದು ನಾಳಿನ ದಾಸೋಹಕ್ಕೆ ಇಂದು ಹಿಡಿದ ವ್ರತ.

ಹಾಗಾದರೆ ನಿಜವಾದ ಸಂಗ್ರಹವು ಎಲ್ಲಿದೆ? ಒಕ್ಕಲಿಗನ ಮಡಕೆ ಬರಿದಾದ ಎಡೆಯಲ್ಲಿ ಅದನ್ನು ಹುಡುಕಬೇಕು. 1964ರಲ್ಲಿ ಸಿಎಸ್‌ಎಚ್-1 ಎಂಬ ಸಂಕರಣ ಜೋಳವು ನಮ್ಮ ದೇಶದಲ್ಲಿ ಬಳಕೆಗೆ ಬಂದಿತು. ಸಂಕರಣ ತಳಿಯ ಇಳುವರಿ ಹೆಚ್ಚು. ಆದರೆ ಅದರ ಕಾಳನ್ನೇ ಮರಳಿ ಬಿತ್ತಿದರೆ ಗುಣವು ಒಡೆದು ಬೆಳೆಯು ಏಕರೂಪವಾಗಿ ಬರುವುದಿಲ್ಲ. ಆದುದರಿಂದ ವರ್ಷವರ್ಷವೂ ಬೀಜವನ್ನು ಕೊಳ್ಳಬೇಕು. ಅದರೊಡನೆ ಗೊಬ್ಬರ, ಔಷಧ, ಅವಕ್ಕೆಲ್ಲ ಸಾಲ. ಮಳೆ ಹೋದರೆ ಬೆಳೆ ಹೋಗುತ್ತದೆ, ಸಾಲ ಉಳಿಯುತ್ತದೆ. ಭಾರತದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತನು ಬೀಜವನ್ನು ಉಳಿಸುವ, ಮರಳಿ ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಮನ್ನಿಸಿದೆ. ಸಂರಕ್ಷಿತ ತಳಿಯನ್ನು ಬ್ರಾಂಡಿನ ಹೆಸರಿನಲ್ಲಿ ಮಾರುವುದನ್ನು ಮಾತ್ರ ತಡೆದಿದೆ. ಆದರೆ ಕಾನೂನು ಕೊಟ್ಟ ಹಕ್ಕು ಮಡಕೆಯಲ್ಲಿ ಬೀಜವಿದ್ದವನಿಗಲ್ಲವೆ ಉಪಯೋಗಕ್ಕೆ ಬರುವುದು?

ಈ ವಿಚಾರವು ಕನ್ನಡ ನಾಡಿನದು ಮಾತ್ರವಲ್ಲ. ಅನೇಕ ದೇಶಗಳ ರೈತರ ಒಕ್ಕೂಟವಾದ ವಿಯಾ ಕಂಪೆಸಿನಾ, ಕರ್ನಾಟಕ ರಾಜ್ಯ ರೈತ ಸಂಘವೂ ಅದರ ಅಂಗವಾಗಿದೆ, 1996ರಲ್ಲಿ ರೋಮ್ ನಗರದಲ್ಲಿ ವಿಶ್ವ ಆಹಾರ ಸಮ್ಮೇಳನವು ನಡೆದಾಗ ‘ಆಹಾರ ಸಾರ್ವಭೌಮತ್ವ’ವೆಂಬ ತತ್ತ್ವವನ್ನು ಮುಂದಿಟ್ಟಿತು. ಜನರ ಹೊಟ್ಟೆ ತುಂಬಿದರೆ ಸಾಲದು. ಏನನ್ನು ಬೆಳೆಯಬೇಕು, ಹೇಗೆ ಬೆಳೆಯಬೇಕು, ಏನನ್ನು ಉಣ್ಣಬೇಕು ಎಂಬ ನಿರ್ಣಯವೂ ಅವರ ಕೈಯಲ್ಲಿರಬೇಕೆಂಬುದು ಅದರ ಸಾರ. 2007ರಲ್ಲಿ ಆಫ್ರಿಕದ ಮಾಲಿ ದೇಶದಲ್ಲಿ 80ಕ್ಕೂ ಹೆಚ್ಚು ದೇಶಗಳಿಂದ 500ಕ್ಕೂ ಹೆಚ್ಚು ಪ್ರತಿನಿಧಿಗಳು ನೆರೆದು ಈ ತತ್ತ್ವವನ್ನು ವಿವರವಾಗಿ ಘೋಷಿಸಿದರು. ಆ ಸಭೆಗೆ ಅವರು ಇಟ್ಟ ಹೆಸರು ನೇಲೇನಿ. ಬೇಸಾಯ ಮಾಡಿ ತನ್ನ ಜನರಿಗೆ ಉಣಿಸಿದಳೆಂದು ಆ ನಾಡು ನೆನೆಯುವ ಒಕ್ಕಲಗಿತ್ತಿಯ ಹೆಸರದು. ಕಾಯಕದ ಮಹಿಮೆಯನ್ನು ಅರಿತವರಿಗೆ ಲಕ್ಕಮ್ಮನ ಪಕ್ಕದಲ್ಲಿ ಅವಳೂ ನಿಂತಂತೆ ತೋರಿದರೆ ಆಶ್ಚರ್ಯವೇನಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಅದನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಹಸಿದವನ ಮುಂದೆ ಬೀಜದ ತತ್ತ್ವವನ್ನು ಹೇಳುವುದು ಸರಿಯೆ? 1960ರ ದಶಕದ ನಡುವಣ ಬರಗಾಲದಲ್ಲಿ ಈ ದೇಶವು ಹೊರನಾಡಿನಿಂದ ಬರುವ ಗೋದಿಯ ಹಡಗುಗಳಿಗಾಗಿ ಕಾಯಬೇಕಾಗಿತ್ತು. ಹೊಸ ತಳಿಗಳು ಆ ದೈನ್ಯವನ್ನು ಬಹುಮಟ್ಟಿಗೆ ನೀಗಿಸಿದುವು. ಇದು ಸತ್ಯ, ಹೊಸ ವಿದ್ಯೆಯನ್ನು ಹಳಿಯುವುದು ಕೃತಘ್ನತೆ. ಆದರೆ ಹೊಸ ವಿದ್ಯೆಯೆಲ್ಲವೂ ರೈತನ ಕೈಯನ್ನು ಕಟ್ಟಲೇಬೇಕೆಂಬ ನಿಯಮವಿಲ್ಲ. ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದು ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿಗಳು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಇಳುವರಿಯು ಏರಿತು, ರಾಗಿಯು ತನ್ನಲ್ಲಿಯೇ ಪರಾಗಗೊಳ್ಳುವ ಬೆಳೆಯಾದುದರಿಂದ ರೈತನು ತನ್ನ ರಾಶಿಯಿಂದಲೇ ಮುಂದಿನ ಬೀಜವನ್ನು ತೆಗೆದಿರಿಸಬಹುದಾಗಿತ್ತು. ಕೊಟ್ಟ ಮೇಲೆ ಪಡೆದವನನ್ನೂ ಕೊಡಬಲ್ಲವನನ್ನಾಗಿ ಮಾಡುವ ವಿದ್ಯೆಯು ದಾಸೋಹ. ಪಡೆದವನು ಎಂದೆಂದಿಗೂ ಕೈಯೊಡ್ಡಿಯೇ ನಿಲ್ಲುವಂತೆ ಮಾಡುವುದು ವ್ಯಾಪಾರ.

ಬೀದರಿನ ಗಡಿಗೆ ಹತ್ತಿರವಿರುವ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಇದರ ನಿದರ್ಶನವು ಕಾಣದೊರೆಯುತ್ತದೆ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ ಹಳ್ಳಿಹಳ್ಳಿಗಳ ಬಡ ಹೆಂಗಸರು, ಬಹುಪಾಲು ದಲಿತರು, ಸಂಘಗಳನ್ನು ಕಟ್ಟಿಕೊಂಡರು. ಬೀಳುಬಿದ್ದ ನೆಲವನ್ನು ಉತ್ತರು. ಜೋಳ, ತೊಗರಿ, ನವಣೆ, ಹೆಸರು ಮೊದಲಾದ ಅನೇಕ ಬೆಳೆಗಳನ್ನು ಒಂದೇ ಹೊಲದಲ್ಲಿ ಕೂಡಿಸಿ ಬಿತ್ತಿದರು. ಒಂದು ಹೋದರೆ ಇನ್ನೊಂದು ನಿಲ್ಲುತ್ತದೆ, ದ್ವಿದಳದ ಬೇರು ಮಣ್ಣಿಗೆ ಸಾರವನ್ನು ಕೊಡುತ್ತದೆ. ಹಳೆಯ ಮೈಸೂರಿನ ಅಕ್ಕಡಿ ಸಾಲಿನ ಮರ್ಮವೂ ಇದೇ. ನೆಲವನ್ನು ಹಸನು ಮಾಡಲು ಪಡೆದ ಸಾಲವನ್ನು ಕಾಳಿನ ರೂಪದಲ್ಲಿ ತೀರಿಸಿದರು. ಆ ಕಾಳು ಊರಿನಲ್ಲಿಯೇ ನಿಂತು, ಕೆಲಸವಿಲ್ಲದ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಬಡವರ ಮನೆಗೆ ಹೋಯಿತು. ಯಾರು ಹೆಚ್ಚು ಬಡವರೆಂಬುದನ್ನು ಊರವರೇ ಕುಳಿತು ನಿರ್ಣಯಿಸಿದರು. 2019ರಲ್ಲಿ ಈ ಕಾರ್ಯಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯು ಸಂದಿತು. ಕೂಲಿಗಾಗಿ ಇತರರ ಹೊಲದ ಬದುವಿನಲ್ಲಿ ಕಾಯುತ್ತಿದ್ದವರು ಇತರರಿಗೆ ಬೀಜವನ್ನು ಕೊಡುವವರಾದರೆಂಬುದು ಪ್ರಶಸ್ತಿಗಿಂತಲೂ ದೊಡ್ಡದು.

ಈ ನಿದರ್ಶನವು ಹೊಲಮನೆಯುಳ್ಳ ಸದ್ಭಕ್ತರಿಗೆ ಒಂದು ಕಠಿಣ ಪ್ರಶ್ನೆಯನ್ನೂ ಕೇಳುತ್ತದೆ. ಬೀಜದ ಸ್ವಾತಂತ್ರ್ಯವು ತನಗೆ ಬೇಕೆನ್ನುವ ಗೃಹಸ್ಥನು ತನ್ನ ಹೊಲದಲ್ಲಿ ಕಳೆ ತೆಗೆಯುವವಳ ಮನೆಯ ಒಲೆಯನ್ನು ಮರೆಯಬಹುದೆ? ಅವಳಿಗೆ ಸಲ್ಲತಕ್ಕ ಕೂಲಿಯನ್ನು ತಡೆದು ಮಠದ ದಾಸೋಹಕ್ಕೆ ಚೀಲಗಟ್ಟಲೆ ಜೋಳವನ್ನು ಕಳುಹಿದರೆ, ಆ ಜೋಳವು ಲಕ್ಕಮ್ಮನು ಹಿಂದಿರುಗಿಸಿದ ಅಕ್ಕಿಯ ಜಾತಿಗೇ ಸೇರುತ್ತದೆ. ವಿಷವನ್ನು ಸಿಂಪಡಿಸುವವನ ಉಸಿರನ್ನು ಲೆಕ್ಕಿಸದೆ ಬೆಳೆದ ಅನ್ನವೂ ಹಾಗೆಯೇ. ಪಂಕ್ತಿಯಲ್ಲಿ ಬಡಿಸುವ ಸೌಟಿನಿಂದ ದಾಸೋಹವು ಆರಂಭವಾಗುವುದಿಲ್ಲ. ಅದು ಬಿತ್ತುವ ಕೂರಿಗೆಯಿಂದ, ಕೂಲಿ ಎಣಿಸುವ ಕೈಯಿಂದ ಆರಂಭವಾಗುತ್ತದೆ.

ಆದುದರಿಂದ ಭಕ್ತರು ಮಾಡಬೇಕಾದುದು ಅಸಾಧ್ಯವಾದ ಕಾರ್ಯವೇನಲ್ಲ. ಇದ್ದ ಹೊಲದಲ್ಲಿ ಒಂದು ಮೂಲೆಯನ್ನಾದರೂ ಮನೆಯ ಬೀಜಕ್ಕೆ ಮೀಸಲಿಡಬಹುದು. ಊರಿನ ಹಲವು ಮನೆಯವರು ಕೂಡಿ ಬೀಜದ ಗಡಿಗೆಗಳನ್ನು ಒಂದೆಡೆ ಇರಿಸಿ, ಬಂದವರಿಗೆ ಕೊಟ್ಟು, ರಾಶಿಯಲ್ಲಿ ಮರಳಿ ಪಡೆಯಬಹುದು. ಪಟ್ಟಣದ ಭಕ್ತರು ನವಣೆ, ಸಾವೆ, ಜೋಳಗಳನ್ನು ಬೆಳೆದವರಿಂದ ನ್ಯಾಯವಾದ ಬೆಲೆಗೆ ಕೊಂಡು ಉಣ್ಣಬಹುದು. ಉಣ್ಣುವವರಿಲ್ಲದ ಬೀಜವನ್ನು ಯಾವ ಒಕ್ಕಲಿಗನೂ ಬಹುಕಾಲ ಕಾಯಲಾರನು. ಜಾತ್ರೆಗಳಲ್ಲಿ ದವಸದ ಕಾಣಿಕೆಯೊಡನೆ ಒಂದು ಹಿಡಿ ಬೀಜದ ವಿನಿಮಯವೂ ನಡೆಯಲಿ. ನಾಳೆಗೆಂದು ಅನ್ನವನ್ನು ತಡೆಯುವವನು ಶಿವನನ್ನು ನಂಬದವನು; ನಾಳೆಗೆಂದು ಬೀಜವನ್ನು ಕಾಯುವವನು ಶಿವನು ಸುರಿಸುವ ಮಳೆಯನ್ನು ನಂಬಿದವನು. ಈ ಎರಡರ ಭೇದವನ್ನರಿತು ನಡೆಯುವ ಮನೆಯಲ್ಲಿ ಕಾಯಕವೂ ಕುಂದದು, ದಾಸೋಹವೂ ನಿಲ್ಲದು.