ರಂಜನೆ ಮತ್ತು ತತ್ವ: ಶರಣರಿಂದ ಶರೀಫರವರೆಗೆ

ಆಟ-ಪಾಟ ಮನಸ್ಸನ್ನು ಹೊರಗೆ ಸೆಳೆಯುತ್ತದೆ, ತತ್ವಚಿಂತನೆ ಒಳಗೆ ತಿರುಗಿಸುತ್ತದೆ ಎಂಬ ನಂಬಿಕೆ ಹಳೆಯದು. ಅದು ನಿಜವಾದರೆ ಜಾತ್ರೆ, ಬಯಲಾಟ, ಮೇಳಗಳ ನಡುವೆ ಬೆಳೆದ ಕವಿಗೆ ಅಧ್ಯಾತ್ಮ ಒಗ್ಗಬಾರದಿತ್ತು. ಕನ್ನಡದ ವಚನ ಮತ್ತು ತತ್ವಪದಗಳಲ್ಲಿ ಆದದ್ದು ಬೇರೆ.

12ನೇ ಶತಮಾನದ ಶರಣರಲ್ಲಿ ಕೆಲವರಿಗೆ ರಂಜನೆಯೇ ಕಾಯಕ. ಬಹುರೂಪಿ ಚೌಡಯ್ಯ ವೇಷ ಕಟ್ಟುತ್ತಿದ್ದ, ನಗೆಯ ಮಾರಿತಂದೆ ಜನರನ್ನು ನಗಿಸುತ್ತಿದ್ದ, ಕಿನ್ನರಿ ಬ್ರಹ್ಮಯ್ಯ ಕಿನ್ನರಿ ನುಡಿಸುತ್ತಿದ್ದ. ವೇಷ ಕಳಚಿದಾಗ ಉಳಿಯುವವನು ಯಾರು ಎಂಬುದು ಪಂಡಿತನಿಗೆ ತರ್ಕದ ವಿಷಯ, ಬಹುರೂಪಿಗೆ ದಿನದ ಅನುಭವ. ಚೌಡಯ್ಯನ ವಚನಗಳಿಗೆ ರೂಪಕಗಳು ಒದಗಿದ್ದು ಆ ಅನುಭವದಿಂದ.

ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ತತ್ವವೇ ಆಟವಾಗುತ್ತದೆ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ ರಾತ್ರಿಯಿಡೀ ಸವಾಲು-ಜವಾಬು ಹಾಡುತ್ತವೆ. ವಾದದ ತಳದಲ್ಲಿರುವುದು ಶಿವ ಮತ್ತು ಶಕ್ತಿಯರ ಪ್ರಶ್ನೆ. ಎದುರಾಳಿಗೆ ಸ್ಥಳದಲ್ಲೇ ಉತ್ತರ ಕೊಡಬೇಕಾದ್ದರಿಂದ ಪದ ಕಟ್ಟುವವನಿಗೆ ಪುರಾಣವೂ ಚುರುಕು ಮಾತೂ ಒಟ್ಟಿಗೆ ಬೇಕು.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರಲ್ಲಿ (1819–1889) ಈ ಸಂಬಂಧ ಹೆಚ್ಚು ಸ್ಪಷ್ಟ. ಮೊಹರಂ ಹಬ್ಬದಲ್ಲಿ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳನ್ನೂ ಅವರು ರಚಿಸಿದರು. ಕುಣಿಯುವವರ ಹೆಜ್ಜೆಗೆ ಹೊಂದಬೇಕಾದ ಪದದಲ್ಲಿ ಸಾಲು ಉದ್ದವಾಗುವಂತಿಲ್ಲ, ಪಲ್ಲವಿ ಹಿಮ್ಮೇಳದ ಬಾಯಿಗೆ ಒಮ್ಮೆಗೇ ಹತ್ತಬೇಕು. ಅವರ ತತ್ವಪದಗಳ ಕಟ್ಟಿನಲ್ಲೂ ಇದೇ ಬಿಗಿ ಇದೆ.

ಕೋಳಿ ಕೋಡಗವನ್ನು ನುಂಗಿದ ಅವರ ಪ್ರಸಿದ್ಧ ಪದ ಒಗಟಿನ ಆಟದಂತೆ ಸಾಗುತ್ತದೆ. ಆಡು ಆನೆಯನ್ನು, ಗೋಡೆ ಸುಣ್ಣವನ್ನು ನುಂಗುತ್ತವೆ. ಕುಣಿಯಲು ಬಂದವಳನ್ನು ಮದ್ದಲೆಯೇ ನುಂಗುತ್ತದೆ. ನಗುತ್ತ ಕೇಳುತ್ತಿದ್ದವರ ಮುಂದೆ ಕೊನೆಯಲ್ಲಿ ಹಾಡುವವನೇ ಗುರು ಗೋವಿಂದನ ಪಾದದಲ್ಲಿ ಇಲ್ಲವಾಗುತ್ತಾನೆ. ‘ನಾನು’ ಕರಗುವುದೆಂದರೇನು ಎಂಬುದನ್ನು ಇಲ್ಲಿ ಯಾರೂ ವಿವರಿಸುವುದಿಲ್ಲ. ನುಡಿಯಿಂದ ನುಡಿಗೆ ಮರಳುವ ನುಂಗುವಿಕೆಯೇ ಕೇಳುಗನನ್ನು ಅಲ್ಲಿಗೆ ಒಯ್ಯುತ್ತದೆ. ಒಗಟಿನ ವಿನೋದವನ್ನು ತೆಗೆದರೆ ಅರ್ಥವೂ ಉಳಿಯದು.

ಈ ದಾರಿಗೆ ಆಕ್ಷೇಪವೂ ಇದೆ: ಕೇಳುಗ ಧಾಟಿಗೆ ಮರುಳಾಗಿ ತತ್ವವನ್ನು ಬಿಟ್ಟುಬಿಡಬಹುದು. ಸಿ. ಅಶ್ವತ್ಥ್ ಅವರ ಗಾಯನ ಮತ್ತು 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ಈ ಪದಗಳು ಮನೆಮನೆಗೆ ತಲುಪಿದ ಮೇಲೆ ಆ ಅಪಾಯ ಹೆಚ್ಚಿದೆ ಎನ್ನಬಹುದು. ಆದರೆ ತತ್ವಪದ ಒಮ್ಮೆ ಕೇಳಿ ಮುಗಿಸುವ ಪಾಠವಲ್ಲ. ಭಜನಾ ಮೇಳಗಳಲ್ಲಿ ಅದನ್ನು ಮತ್ತೆ ಮತ್ತೆ ಹಾಡುತ್ತಾರೆ. ಧಾಟಿಗಾಗಿ ನೆನಪಿನಲ್ಲಿ ಉಳಿದ ಪದ ಬೇಕಾದ ಹೊತ್ತಿಗೆ ಅರ್ಥ ಕೊಡುತ್ತದೆ. ಜನಪ್ರಿಯ ರಂಜನೆ ಈ ಕವಿಗಳಿಗೆ ಅಲಂಕಾರವನ್ನಷ್ಟೇ ಕೊಡಲಿಲ್ಲ, ಆಲೋಚಿಸುವ ಕ್ರಮವನ್ನೇ ಕೊಟ್ಟಿತು.